ದೇವಾಲಯ ಕಟ್ಟಿದ್ದು ಸಭೆ, ಕಾಗದ ಇರೋದು ಬೇರೆ ಕಡೆ: ಮಾರುವ ಮಾತು ಬಂದಾಗ ಯಾರನ್ನು ಕೇಳಬೇಕು?

ಮಲಪ್ರಭಾ ದಂಡಿ

ಎಲ್ಲಾರಿಗೂ ವಂದನಿ. ಊರಿನ ಹೆಸರು, ಡಯಾಸಿಸ್ (ಒಬ್ಬ ಬಿಷಪ್‌ರ ಕೈಕೆಳಗಿನ ಸಭೆಗಳ ಪ್ರಾಂತ) ಹೆಸರು ಬರಿಯೂದಿಲ್ಲ. ಯಾರ ಮ್ಯಾಲೂ ಕೆಸರು ಎರಚೂದು ನನ್ನ ಉದ್ದೇಶ ಅಲ್ಲ. ತಿಳಕೊಳ್ಳೂದು ಬಾಳ ಐತಿ, ಅದಕ್ಕ ಬರ್ಯಾಕತ್ತೀನಿ.

ನಮ್ಮದು ಮಿಷನ್ ಕಾಲದ ಕ್ರೈಸ್ತ ಸಭಾ, ಅಂದ್ರ ಒಂದ ದೇವಾಲಯಕ್ಕ ಸೇರಿದ ವಿಶ್ವಾಸಿಗಳ ಬಳಗ. ದೇವಾಲಯದ ಬಾಜೂಕ ದೊಡ್ಡ ಬಯಲು ಐತಿ. ಸಾಲಿ ಹುಡುಗ್ರು ಆಡೂದು ಅಲ್ಲೇ, ಮದುವಿ ಊಟ ಅಲ್ಲೇ, ಕ್ರಿಸ್‌ಮಸ್ ಪೆಂಡಾಲ ಅಲ್ಲೇ. ಆ ಬಯಲನ್ನ ಮೂವತ್ತು ವರ್ಷದ ಲೀಸಿಗೆ ಕೊಟ್ಟು ಅಂಗಡಿ ಮಳಿಗಿ ಕಟ್ಟಿಸೂದಕ್ಕ ಮ್ಯಾಲಿನವರು ಒಬ್ಬ ಬಿಲ್ಡರ್ ಜೋಡಿ ಮಾತಾಡ್ಯಾರ ಅಂತ ಗೊತ್ತಾಗೈತಿ. ನಮ್ಮ ಪಾಸ್ಟರೇಟ್ ಕಮಿಟಿಗೆ (ಊರ ಸಭಾದ ಆಡಳಿತ ಮಂಡಳಿಗೆ) ಒಂದು ಕಾಗದ ಬಂದಿಲ್ಲ. ಸಭಾಪಾಲಕರನ್ನ ಕೇಳಿದ್ರ, "ನನ್ನ ಕೈಯಾಗ ಏನೂ ಇಲ್ಲ, ನಾನು ವರ್ಗಾ ಆಗಿ ಹೋಗಾಂವ" ಅಂದ್ರು. ಅವರ ಮ್ಯಾಲೆ ನನಗ ಸಿಟ್ಟಿಲ್ಲ. ಅವರ ಪಗಾರ, ವರ್ಗಾ ಎರಡೂ ಮ್ಯಾಲಿನವರ ಕೈಯಾಗ ಐತಿ.

ಆದ್ರ ಕಂಪೌಂಡಿನ ಕಲ್ಲು ಹೊತ್ತು ಹಾಕಿದವರು ನಮ್ಮ ಹಿರ್ಯಾರು. ಛಾವಣಿ ಬದಲ ಮಾಡಿದಾಗ ಮನಿಗಿಷ್ಟು ಅಂತ ಪಟ್ಟಿ ಹಾಕಿ ರೊಕ್ಕ ಕೂಡಿಸೇವಿ. ಪ್ರತಿ ವರ್ಷ ಡಯಾಸಿಸ್ಸಿಗೆ ಕೊಡೋ ವಂತಿಗಿ, ಅಸೆಸ್‌ಮೆಂಟ್, ತಪ್ಪದ ಕಟ್ಟೇವಿ. ಕಾಗದ ನಮ್ಮ ಹೆಸರಿಲೇ ಇರಬೇಕು ಅಂತ ನನ್ನ ಹಟ ಇಲ್ರಿ. ಮಾರೂದು, ಉದ್ದ ಲೀಸಿಗೆ ಕೊಡೂದು ಇವೆರಡು ಅಲ್ಲಿ ಪ್ರಾರ್ಥನಾ ಮಾಡೋ ಜನರ ಒಪ್ಪಿಗಿ ಇಲ್ಲದ ನಡೀಬಾರದು ಅನ್ನೂದಷ್ಟ ನನ್ನ ಮಾತು. ಕಾನೂನು ಏನಂತೈತಿ? ಬ್ಯಾರೆ ಸಭೆಗಳಾಗ ಹೆಂಗ ನಡೀತೈತಿ? ಗೊತ್ತಿದ್ದವರು ಹೇಳ್ರಿ.

ಮೈಸೂರು ಖಜಾಂಚಿ

ನಾನು ಪಾಸ್ಟರೇಟಿನಲ್ಲೂ ಡಯಾಸಿಸ್ಸಿನ ಹಣಕಾಸು ಸಮಿತಿಯಲ್ಲೂ ಲೆಕ್ಕ ಬರೆದವನು. ಮೇಲಿನವರ ಕಡೆಯಿಂದಲೂ ಒಂದು ಮಾತು ಕೇಳಿ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ದಕ್ಷಿಣ ಭಾರತ ಸಭೆ) ಉದಯವಾದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂಬ ನಾಲ್ಕು ಬಗೆಯ ಪರಂಪರೆಗಳು ಒಂದಾದವು. ಒಂದೊಂದು ಮಿಷನ್ನಿನ ಆಸ್ತಿಯೂ ಒಂದೊಂದು ಹೆಸರಿನಲ್ಲಿತ್ತು. ಅವನ್ನೆಲ್ಲ ಒಂದು ಸೂರಿನಡಿ ತರಲು ಹುಟ್ಟಿದ್ದೇ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್. ಅದು ಲಾಭಕ್ಕಲ್ಲದ ಕಂಪನಿ. ಹಳೆಯ ಕಂಪನಿ ಕಾಯಿದೆಯಲ್ಲಿ 26ನೇ ಕಲಂ ಅಂತಿದ್ದದ್ದು 1956ರ ಕಾಯಿದೆಯಲ್ಲಿ 25 ಆಯಿತು, ಈಗ 2013ರ ಕಾಯಿದೆಯಲ್ಲಿ 8. ಮಾಲೀಕತ್ವ ಅದರ ಹೆಸರಲ್ಲಿ, ದಿನದ ವ್ಯವಹಾರ ಡಯಾಸಿಸ್ ಕೈಯಲ್ಲಿ.

ಹೀಗೆ ಮಾಡದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಳ್ಳಿ ಸಭೆಯ ಜಮೀನು ಒಬ್ಬ ಹಿರಿಯರ ಹೆಸರಲ್ಲಿ ಇರುತ್ತಿತ್ತು. ಅವರು ತೀರಿಕೊಂಡ ಮೇಲೆ ಮಕ್ಕಳು ಪೌತಿ ಖಾತೆ ಮಾಡಿಸಿಕೊಂಡರು, ದೇವಾಲಯದ ಜಮೀನು ಮನೆಯ ಜಮೀನಾಯಿತು. ಜನ ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಊರುಗಳಲ್ಲಿ ಸಮಾಧಿ ಭೂಮಿಗೆ ಬೇಲಿ ಹಾಕಿಕೊಂಡವರಿದ್ದಾರೆ. ಅಂಥ ಕಡೆ ಕೇಸು ಹಾಕಿ, ವಕೀಲರಿಗೆ ಫೀಸು ಕೊಟ್ಟು ಉಳಿಸಿಕೊಂಡಿದ್ದು ಊರಿನ ಹತ್ತು ಮನೆಯವರಲ್ಲ, ಡಯಾಸಿಸ್. ಪಟ್ಟಣದ ಒಂದು ಬಯಲಿನ ಬಾಡಿಗೆಯಲ್ಲಿ ಹತ್ತು ಹಳ್ಳಿ ಸಭಾಪಾಲಕರ ಸಂಬಳ ಹೋಗುತ್ತದೆ. ಆ ಹಳ್ಳಿಯವರೂ ನಮ್ಮ ಸಭೆಯವರೇ ಅಲ್ಲವೇ?

ಬಲ್ಮಠ ಮೊಮ್ಮಗಳು

ಖಜಾಂಚಿ ಅಂಕಲ್ ಹೇಳಿದ್ದು ಸುಳ್ಳಲ್ಲ. ಆದರೆ ಕಾಗದ ದೂರ ಇದ್ದರೆ ಏನಾಗ್ತದೆ ಅಂತ ನಮ್ಮ ಕರಾವಳಿಯವರಿಗೆ ನೂರು ವರ್ಷದ ಹಿಂದೆಯೇ ಗೊತ್ತಾಗಿದೆ.

ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಲ್ಲಿ ತುಂಬಾ ಜನ ಮನೆ, ಗೇಣಿ, ಕುಲಕಸುಬು ಎಲ್ಲ ಕಳಕೊಂಡೇ ಬಂದವರು. ಅದಕ್ಕೇ ಮಿಷನ್ ಅವರಿಗೆ ಕಾಂಪೌಂಡಿನೊಳಗೆ ಜಾಗ ಕೊಟ್ಟಿತು, ನೇಯ್ಗೆ ಕಾರ್ಖಾನೆ ಕಟ್ಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ದೇವಾಲಯ, ಶಾಲೆ, ಮನೆ, ಸಂಬಳ ಎಲ್ಲ ಒಂದೇ ಕಡೆಯಿಂದ. ನೆಲ ಮಾತ್ರ ಸ್ವಿಟ್ಜರ್ಲೆಂಡಿನ ಒಂದು ಸಂಸ್ಥೆಯ ಲೆಕ್ಕದಲ್ಲಿ.

ಮೊದಲ ಮಹಾಯುದ್ಧ ಬಂತು. ಮಿಷನರಿಗಳಲ್ಲಿ ಬಹಳ ಜನ ಜರ್ಮನರು. ಬ್ರಿಟಿಷ್ ಸರಕಾರ ಅವರನ್ನು ಬಂಧನದಲ್ಲಿಟ್ಟು ಊರಿಗೆ ಕಳಿಸಿತು. ಕಾರ್ಖಾನೆ, ವ್ಯಾಪಾರ ಎಲ್ಲ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾಯಿತು. ಅಲ್ಲಿ ಹಂಚು ಸುಟ್ಟವರನ್ನು, ಮಗ್ಗದಲ್ಲಿ ಕೂತವರನ್ನು, ಆ ದೇವಾಲಯದಲ್ಲಿ ಜ್ಞಾನಸ್ನಾನ ಆದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಯಾವ ಕಾಗದದಲ್ಲೂ ಅವರ ಹೆಸರಿರಲಿಲ್ಲ. ಯುದ್ಧ ಮಾಡಿದ್ದು ಯುರೋಪಿನವರು, ಕಳಕೊಂಡದ್ದು ಜೆಪ್ಪುವಿನವರು.

ನಿಮ್ಮ ಕಡೆಯ ಬಾಸೆಲ್ ಮಿಷನ್ ಸಭೆಗಳ ಕತೆ ಇನ್ನೂ ಜಟಿಲ, ಮಲಪ್ರಭಾ ಅಣ್ಣ. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ಮಿಷನ್ ಶುರುವಾಗಿತ್ತು. ಕರಾವಳಿಯ ಸಭೆಗಳು 1947ರಲ್ಲೇ ಸಿಎಸ್‌ಐ ಸೇರಿದರೆ, ಮುಂಬೈ ಕರ್ನಾಟಕದ ಸಭೆಗಳು ಸೇರಿದ್ದು ಎಷ್ಟೋ ವರ್ಷ ತಡವಾಗಿ. ಸೇರಲು ಒಪ್ಪದವರೂ ಇದ್ದರು. ಹಾಗಾಗಿ ನಿಮ್ಮ ಬಯಲು ಈಗ ಯಾವ ಹೆಸರಲ್ಲಿ ಉಂಟು ಅಂತ ಮೊದಲು ನೋಡಿ. ಇವತ್ತು ದೇವಾಲಯದ ಫಲಕದಲ್ಲಿ ಬರೆದ ಹೆಸರೇ ಕಾಗದದಲ್ಲೂ ಉಂಟು ಅಂತ ಎಣಿಸಬೇಡಿ.

ಸಿವಿಲ್ ಕೋರ್ಟ್ ಮೆಟ್ಟಿಲು

ನಾನು ಬೆಂಗಳೂರಿನಲ್ಲಿ ವಕೀಲಿಕೆ ಮಾಡುತ್ತೇನೆ. ಇಂಥ ದಾವೆಗಳನ್ನು ಎರಡೂ ಕಡೆಯಿಂದ ನಡೆಸಿದ್ದೇನೆ. ಮೇಲಿನ ಸಲಹೆ ಸರಿಯಾಗಿದೆ, ಅದಕ್ಕೆ ಇನ್ನಷ್ಟು ಸೇರಿಸುತ್ತೇನೆ.

ಸಂವಿಧಾನದ 26ನೇ ವಿಧಿ ಪ್ರತಿಯೊಂದು ಧಾರ್ಮಿಕ ಪಂಗಡಕ್ಕೆ ಆಸ್ತಿ ಹೊಂದುವ ಹಕ್ಕನ್ನೂ, ಕಾನೂನಿಗೆ ಅನುಸಾರವಾಗಿ ಅದನ್ನು ನಿರ್ವಹಿಸುವ ಹಕ್ಕನ್ನೂ ಕೊಟ್ಟಿದೆ. ಅಲ್ಲಿರುವುದು ಪಂಗಡದ ಹಕ್ಕು. ಪಂಗಡದೊಳಗೆ ಊರಿನ ಸಭೆ ದೊಡ್ಡದೋ, ಡಯಾಸಿಸ್ ದೊಡ್ಡದೋ, ಎಲ್ಲ ಡಯಾಸಿಸ್‌ಗಳ ಮೇಲಿನ ಸಿನೋಡ್ ದೊಡ್ಡದೋ ಎಂಬುದನ್ನು ಆ ವಿಧಿ ಹೇಳುವುದಿಲ್ಲ. ದೇವಸ್ಥಾನಗಳಿಗೆ ಮುಜರಾಯಿ ಇಲಾಖೆ, ವಕ್ಫ್ ಆಸ್ತಿಗೆ ವಕ್ಫ್ ಬೋರ್ಡ್ ಇರುವಂತೆ ಚರ್ಚ್ ಆಸ್ತಿಗೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯಿದೆಯೂ ಇಲ್ಲ. ಕೇರಳದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಧ್ಯಕ್ಷತೆಯ ಆಯೋಗ 2009ರಲ್ಲಿ ಅಂಥದ್ದೊಂದು ಕರಡು ಕೊಟ್ಟಿತು. ಸಭೆಗಳ ಆಡಳಿತ ಬಲವಾಗಿ ವಿರೋಧಿಸಿತು, ಅದು ಕಾಯಿದೆಯಾಗಲಿಲ್ಲ. ಹಾಗಾಗಿ ಕೋರ್ಟು ನೋಡುವುದು ಮೂಲ ಕ್ರಯಪತ್ರ ಅಥವಾ ದಾನಪತ್ರ, ಟ್ರಸ್ಟ್ ಪತ್ರ, ಆಮೇಲೆ ಸಭೆಯ ಸಂವಿಧಾನ.

ನಿಮಗೆ ಹತ್ತಿರದ ತೀರ್ಪು ಗುಜರಾತಿನದು. ಅಲ್ಲಿನ ಬ್ರೆದರನ್ ಸಭೆ 1970ರಲ್ಲಿ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಜೊತೆ ಒಂದಾಗಲು ಠರಾವು ಮಾಡಿತು. ಆಸ್ತಿಯೂ ಅದರೊಂದಿಗೆ ಹೋಯಿತೆಂದು ಸಿಎನ್‌ಐ ವಾದ. ಒಪ್ಪದವರು ದಶಕಗಟ್ಟಲೆ ಹೋರಾಡಿದರು. 2013ರಲ್ಲಿ ಸುಪ್ರೀಂ ಕೋರ್ಟ್ ವಿನೋದ್‌ಕುಮಾರ್ ಮಾಳವಿಯಾ ಪ್ರಕರಣದಲ್ಲಿ, ಒಂದಾಗುವ ಠರಾವು ಮಾತ್ರಕ್ಕೆ ನೋಂದಾಯಿತ ಟ್ರಸ್ಟಿನ ಆಸ್ತಿ ಇನ್ನೊಬ್ಬರಿಗೆ ಹೋಗುವುದಿಲ್ಲ, ಕಾಯಿದೆ ಹೇಳಿದ ಕ್ರಮದಲ್ಲೇ ವಿಸರ್ಜನೆ ಮತ್ತು ವರ್ಗಾವಣೆ ಆಗಬೇಕು ಎಂದಿತು. ಆ ಸಭೆ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಆಕ್ಟ್ 1950ರ ಅಡಿ ನೋಂದಣಿಯಾಗಿತ್ತು. 1956ರವರೆಗೆ ಮುಂಬೈ ರಾಜ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳಿಗೂ ಅದೇ ಕಾಯಿದೆ ಅನ್ವಯಿಸುತ್ತಿತ್ತು. ನಿಮ್ಮ ಸಭೆ ಆ ಕಾಲದಲ್ಲಿ ನೋಂದಣಿಯಾಗಿತ್ತೇ ಎಂದು ಹುಡುಕಿ. ಹಳೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ನೋಂದಣಿ ಸಂಖ್ಯೆಯ ಒಂದು ಚೀಟಿ ಸಿಕ್ಕರೂ ಅದು ಬಂಗಾರ.

ಯೂತ್ ಫೆಲೋಶಿಪ್

ವಕೀಲ ಸರ್, ನೇರವಾಗಿ ಕೇಳ್ತೀನಿ. ಕಾಗದ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲೇ ಇದೆ ಅಂತ ಇಟ್ಕೊಳ್ಳಿ. ಆಗ ಸಭೆಗೆ ಏನೂ ಹಕ್ಕಿಲ್ವಾ? ನಾವು ಬರೀ ಬಂದು ಕೂತು ಹಾಡಿ ಕಾಣಿಕೆ ಹಾಕಿ ಹೋಗೋರಾ?

ಸಿವಿಲ್ ಕೋರ್ಟ್ ಮೆಟ್ಟಿಲು

ಹಕ್ಕಿದೆ. ಆದರೆ ಅದು ಮಾಲೀಕನ ಹಕ್ಕಲ್ಲ, ಫಲಾನುಭವಿಯ ಹಕ್ಕು. ಕಾಗದ ಹಿಡಿದವರು ಆ ಆಸ್ತಿಯನ್ನು ಒಂದು ಉದ್ದೇಶಕ್ಕಾಗಿ ಹಿಡಿದಿದ್ದಾರೆ. ಉದ್ದೇಶ ಮೀರಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ, ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. ಲೆಕ್ಕ ಕೇಳಬಹುದು, ಟ್ರಸ್ಟಿಯನ್ನು ತೆಗೆಯಿರಿ ಎನ್ನಬಹುದು, ಆಡಳಿತಕ್ಕೆ ಹೊಸ ಯೋಜನೆ ರೂಪಿಸಿ ಎನ್ನಬಹುದು.

ಇಲ್ಲಿ ಹೊತ್ತು ಬಹಳ ಮುಖ್ಯ. ಟ್ರಸ್ಟಿಯ ಕೈಯಲ್ಲೇ ಇರುವ ಆಸ್ತಿಯ ಬಗ್ಗೆ ಅವರ ಮೇಲೆ ದಾವೆ ಹಾಕಲು ಕಾಲಮಿತಿ ಅಡ್ಡ ಬರುವುದಿಲ್ಲ, ಕಾಲಮಿತಿ ಕಾಯಿದೆಯ 10ನೇ ಕಲಂ ಆ ರಕ್ಷಣೆ ಕೊಟ್ಟಿದೆ. ಬೆಲೆ ಕೊಟ್ಟು ಕೊಂಡವನ ಕೈಗೆ ಹೋದ ಮೇಲೆ ಆ ರಕ್ಷಣೆ ಇಲ್ಲ, ಕಟ್ಟಡ ಎದ್ದ ಮೇಲಂತೂ ಕೋರ್ಟಿಗೂ ಕೈ ಕಟ್ಟಿದಂತಾಗುತ್ತದೆ. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. ಆದ್ದರಿಂದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ. 2004ರಿಂದ ಈಚಿನದು ಕಾವೇರಿ ಜಾಲದಲ್ಲೇ ಸಿಗುತ್ತದೆ, ಹಿಂದಿನದಕ್ಕೆ ಕಚೇರಿಗೆ ಹೋಗಬೇಕು. ಸ್ಥಿರಾಸ್ತಿಯ ನೋಂದಣಿ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. "ನೀನ್ಯಾರು ಕೇಳೋಕೆ" ಅನ್ನುವ ಅಧಿಕಾರ ಆ ಕಚೇರಿಗಿಲ್ಲ.

ಅವೆನ್ಯೂ ರಸ್ತೆ

ಬೆಂಗಳೂರಿನಲ್ಲಿ ಒಂದೇ ಡಯಾಸಿಸ್ಸಿನೊಳಗೆ ಮೂರು ದೇವಾಲಯ ನೋಡಿ. ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು, ದಂಡಿನವರಿಗಾಗಿ ಕಟ್ಟಿದ್ದು. ಹಡ್ಸನ್ ಸ್ಮಾರಕ ವೆಸ್ಲಿಯನ್ನರದು, ಅಂದರೆ ಮೆಥೊಡಿಸ್ಟರದು. ನಮ್ಮ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಲಂಡನ್ ಮಿಷನ್ನಿನದು. ಮೂರಕ್ಕೂ ಈಗ ಒಬ್ಬರೇ ಬಿಷಪ್.

ಲಂಡನ್ ಮಿಷನ್ ಹಿಂದಿದ್ದವರು ಹೆಚ್ಚಾಗಿ ಕಾಂಗ್ರಿಗೇಷನಲ್ ಪಂಥದವರು. ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ 1810ರಿಂದಲೂ ಕನ್ನಡ ನಾಡಿನಲ್ಲಿ ಅವರ ಕೆಲಸ ಇತ್ತು. ಊರಿನ ಸಭೆ ತನ್ನಷ್ಟಕ್ಕೆ ತಾನೇ ಪೂರ್ಣ ಸಭೆ, ಕ್ರಿಸ್ತನ ಹೊರತು ಅದರ ಮೇಲೆ ಇನ್ನೊಬ್ಬ ಒಡೆಯನಿಲ್ಲ ಅನ್ನುವುದು ಆ ಪಂಥದ ಬೇರು. ಪಾಲಕರನ್ನು ಕರೆಯುವುದೂ, ಹಿರಿಯರನ್ನು ಆರಿಸುವುದೂ ಸದಸ್ಯರ ಕೂಟ. 1908ರಲ್ಲಿ ಪ್ರೆಸ್ಬಿಟೇರಿಯನ್ನರ ಜೊತೆ ಸೇರಿ ದಕ್ಷಿಣ ಭಾರತ ಐಕ್ಯ ಸಭೆಯಾದಾಗ ಅದರಲ್ಲಿ ಸ್ವಲ್ಪ ಬಿಟ್ಟುಕೊಟ್ಟರು, 1947ರಲ್ಲಿ ಬಿಷಪ್ ಪದವಿಯನ್ನೂ ಒಪ್ಪಿದರು. ಐಕ್ಯಕ್ಕಾಗಿ ಮಾಡಿದ ಆ ತ್ಯಾಗವನ್ನು ನಾನು ಗೌರವಿಸುತ್ತೇನೆ. ಬೇರೆ ಬೇರೆ ಪಂಥಗಳು ಒಂದೇ ಮೇಜಿನಲ್ಲಿ ಕರ್ತನ ಭೋಜನ ತೆಗೆದುಕೊಳ್ಳುವಂತಾದದ್ದು ಸಣ್ಣ ಕೆಲಸವಲ್ಲ. ಆದರೆ ಅವರು ಬಿಟ್ಟುಕೊಟ್ಟದ್ದು ದೇವರ ಸೇವೆ ಒಟ್ಟಾಗಿ ನಡೆಯಲಿ ಅಂತ. ಊರವರಿಗೆ ತಿಳಿಯದೆ ಬಯಲು ಕೈಬಿಡಲಿ ಅಂತ ಅಲ್ಲ.

ಆದಿಸಭೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾದಾಗ ಅಪೊಸ್ತಲರು ತಾವೇ ಏಳು ಜನರನ್ನು ಆರಿಸಲಿಲ್ಲ, ನೀವೇ ನಿಮ್ಮೊಳಗಿಂದ ಆರಿಸಿ ಎಂದು ಸಭೆಗೆ ಹೇಳಿದರು. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ. ಸಭೆಯ ಹಣಕಾಸಿನ ಬಗ್ಗೆ ಹೊಸ ಒಡಂಬಡಿಕೆಯಲ್ಲಿ ಬರುವ ಮೊದಲ ದೊಡ್ಡ ಜಗಳ ಬಗೆಹರಿದದ್ದು ಹಾಗೆ.

ಬೀದರಿನ ಮಗಳು

ನಮಸ್ಕಾರ. ಬೀದರ್ ಕಡೆ ಮೆಥೊಡಿಸ್ಟ್ ಕುಟುಂಬದವಳು, ಈಗ ಟೆಕ್ಸಸ್‌ನ ಡಲ್ಲಾಸಿನಲ್ಲಿದ್ದೇನೆ. ಇಲ್ಲಿ ಇದೇ ಪ್ರಶ್ನೆ ಮೊನ್ನೆ ಮೊನ್ನೆ ಇಡೀ ದೇಶದಲ್ಲಿ ಸಭೆಗಳನ್ನು ಸೀಳಿತು.

ಜಾನ್ ವೆಸ್ಲಿ 1763ರಲ್ಲೇ ಒಂದು ಮಾದರಿ ಪತ್ರ ಮಾಡಿದ್ದರು. ಪ್ರಾರ್ಥನಾ ಮಂದಿರವನ್ನು ಊರಿನ ಟ್ರಸ್ಟಿಗಳು ಹಿಡಿದಿರುತ್ತಾರೆ, ಆದರೆ ಪೀಠದಲ್ಲಿ ಬೋಧಿಸುವವರನ್ನು ಕಾನ್ಫರೆನ್ಸ್ (ಪಂಗಡದ ಮೇಲಿನ ಕೂಟ) ಕಳಿಸುತ್ತದೆ ಎಂಬ ಷರತ್ತು. ಆ ಷರತ್ತೇ ಬೆಳೆದು ಇಲ್ಲಿನ ಯುನೈಟೆಡ್ ಮೆಥೊಡಿಸ್ಟ್ ಸಭೆಯಲ್ಲಿ, ಪ್ರತಿ ಊರಿನ ಆಸ್ತಿಯೂ ಇಡೀ ಪಂಗಡಕ್ಕಾಗಿ ನ್ಯಾಸದಲ್ಲಿದೆ ಎಂಬ ನಿಯಮವಾಯಿತು. ಸಲಿಂಗ ವಿವಾಹದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಾಗ, 2019ರಲ್ಲಿ ಹೊರಹೋಗುವ ಒಂದು ಬಾಗಿಲು ತೆರೆದರು. ಮತ ಹಾಕಿದ ಸದಸ್ಯರಲ್ಲಿ ಮೂರನೇ ಎರಡರಷ್ಟು ಒಪ್ಪಿದರೆ, ಎರಡು ವರ್ಷದ ವಂತಿಗೆ ಮತ್ತು ಪಾದ್ರಿಗಳ ಪಿಂಚಣಿಯ ಬಾಬ್ತು ಕಟ್ಟಿ, ಕಟ್ಟಡ ಉಳಿಸಿಕೊಂಡು ಹೊರಡಬಹುದು. 2023ರ ಕೊನೆಗೆ ಆ ಬಾಗಿಲು ಮುಚ್ಚುವ ಹೊತ್ತಿಗೆ 7,600ಕ್ಕೂ ಹೆಚ್ಚು ಸಭೆಗಳು ಹೋಗಿದ್ದವು, ಅಮೆರಿಕದ ಅವರ ಸಭೆಗಳಲ್ಲಿ ಸುಮಾರು ಕಾಲು ಭಾಗ. ಇದಕ್ಕೆ ಹೋಲಿಸಿದರೆ ಎಪಿಸ್ಕೋಪಲ್ ಸಭೆಯಲ್ಲಿ ಅಂಥ ಬಾಗಿಲೇ ಇರಲಿಲ್ಲ. ವರ್ಜೀನಿಯಾ, ದಕ್ಷಿಣ ಕೆರೊಲಿನಾದಲ್ಲಿ ವರ್ಷಗಟ್ಟಲೆ ಕೋರ್ಟು.

ಒಳ್ಳೆಯದಾಯಿತೇ? ನೂರು ಜನರಲ್ಲಿ ಎಪ್ಪತ್ತು ಜನ ಹೋಗೋಣ ಅಂದರೆ ಉಳಿದ ಮೂವತ್ತು ಜನ ತಮ್ಮ ತಂದೆತಾಯಿಯ ಮದುವೆಯಾದ ದೇವಾಲಯ ಬಿಟ್ಟು ಹೊರಬಂದರು. ಇನ್ನೊಂದು ಕಡೆ ಅರವತ್ತು ಜನ ಹೋಗಬೇಕೆಂದರೂ ಆಗಲಿಲ್ಲ. ನೋವು ಎರಡು ಕಡೆಯೂ ಇತ್ತು. ಆದರೆ ನಿಯಮ ಏನು, ಎಷ್ಟು ಮತ, ಎಷ್ಟು ಹಣ ಅನ್ನುವುದು ಎಲ್ಲರ ಕಣ್ಣೆದುರು ಬರಹದಲ್ಲಿತ್ತು. ಯಾರೋ ಗುಟ್ಟಾಗಿ ಮಾಡಿದರು ಅನ್ನುವ ಅನುಮಾನದ ನೋವು ಕಡಿಮೆ ಇತ್ತು.

ಬ್ರಹ್ಮಾವರ

ಬಹುಮತದ ಮಾತು ಬಂತಲ್ಲ, ಅದಕ್ಕೊಂದು ಎಚ್ಚರಿಕೆ. ನಮ್ಮದು ಕೊಂಕಣಿ, ಕನ್ನಡ ಮಾತಾಡುವ ಆರ್ಥೊಡಾಕ್ಸ್ ಸಭೆ, ಮಲಂಕರ ಸಭೆಯ ಭಾಗ. ಈ ಸಭೆಯ ಎರಡು ಬಣಗಳ ನಡುವೆ ಕೇರಳದಲ್ಲಿ ಇಗರ್ಜಿಗಳಿಗಾಗಿ ನಡೆದ ಆರ್ಥೊಡಾಕ್ಸ್-ಜಾಕೊಬೈಟ್ ವ್ಯಾಜ್ಯ ನಿಮಗೆಲ್ಲ ಗೊತ್ತಿದೆ. 2017ರ ಜುಲೈ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಎಲ್ಲ ಇಗರ್ಜಿಗಳೂ ಮಲಂಕರ ಸಭೆಯ 1934ರ ಸಂವಿಧಾನದಂತೆ ನಡೆಯಬೇಕು. ವಿಶ್ವಾಸಿ ಸಭೆ ಬಿಟ್ಟು ಹೋಗಬಹುದು, ಒಂದು ಊರಿನಲ್ಲಿ ಬಹುಮತ ಇದೆ ಅಂತ ಆಸ್ತಿ ಹೊತ್ತುಕೊಂಡು ಹೋಗುವಂತಿಲ್ಲ. ಆಮೇಲೆ ಹೆಣ ಹೂಳಲೂ ಜಗಳ ಬಂದು, ಕೇರಳ ಸರಕಾರ 2020ರಲ್ಲಿ ಸಮಾಧಿ ಭೂಮಿಯ ಹಕ್ಕಿಗೇ ಒಂದು ಕಾಯಿದೆ ಮಾಡಬೇಕಾಯಿತು. ಒಂದೇ ವಿಶ್ವಾಸಪ್ರಮಾಣ ಹೇಳುವ ಜನ ಸತ್ತವರನ್ನು ಎಲ್ಲಿ ಹೂಳುವುದು ಅಂತ ಕಾದು ಕೂತದ್ದು ನೆನೆದರೆ ಈಗಲೂ ನನಗೆ ಸಂಕಟ ಆಗ್ತದೆ. ಮಲಪ್ರಭಾದವರೇ, "ಬಿಟ್ಟು ಹೋಗ್ತೇವೆ" ಎಂಬ ಮಾತನ್ನು ನಿಮ್ಮ ಕೂಟದಲ್ಲಿ ಯಾರೂ ಎತ್ತದ ಹಾಗೆ ನೋಡಿಕೊಳ್ಳಿ. ಆ ಮಾತು ಬಂದ ಕ್ಷಣದಿಂದ ವಿಷಯ ಬಯಲಿನದ್ದಾಗಿ ಉಳಿಯುವುದಿಲ್ಲ.

ಉಡುಪಿ ಗುರ್ಕಾರ್

ಕೆಥೊಲಿಕರಲ್ಲಿ ಹೇಗೆ ಅಂತ ಯಾರಾದರೂ ಕೇಳುವ ಮೊದಲೇ ಹೇಳ್ತೇನೆ. ಹೊರಗಿನವರು ಎಲ್ಲವೂ ಬಿಷಪರದ್ದು ಅಂತ ಎಣಿಸ್ತಾರೆ. ಧರ್ಮಸಭೆಯ ಕಾನೂನಿನಲ್ಲಿ ಹಾಗಿಲ್ಲ. ಪ್ರತಿ ಫಿರ್ಗಜಿಗೂ (ಊರಿನ ಇಗರ್ಜಿಯ ವ್ಯಾಪ್ತಿಯ ಸಭೆಗೂ) ತನ್ನದೇ ಕಾನೂನುಬದ್ಧ ವ್ಯಕ್ತಿತ್ವ ಉಂಟು, ಕ್ರಮವಾಗಿ ಗಳಿಸಿದ ಆಸ್ತಿ ಆ ಫಿರ್ಗಜಿನದ್ದೇ. ವಿಗಾರರು ಅದರ ಪ್ರತಿನಿಧಿ, ಹಣಕಾಸು ಸಮಿತಿ ಪ್ರತಿ ಫಿರ್ಗಜಿಗೂ ಕಡ್ಡಾಯ, ಕೆನನ್ 537. ದೊಡ್ಡ ಮಾರಾಟಕ್ಕೆ ಬಿಷಪರ ಅನುಮತಿ ಬೇಕು, ಬಿಷಪರು ಕೂಡ ತಮ್ಮ ಸಮಿತಿಗಳ ಒಪ್ಪಿಗೆ ಪಡೆಯಬೇಕು. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ ಫಿರ್ಗಜಿನ ಸಾಮಾನ್ಯ ಜನರಿಗೆ ಇಲ್ಲಿ ಮತ ಇಲ್ಲ, ಸಲಹೆ ಮಾತ್ರ. ಆ ಸಲಹೆಗೆ ಎಷ್ಟು ತೂಕ ಅನ್ನುವುದು ವಿಗಾರರ ಮನಸ್ಸಿನ ಮೇಲೆ ನಿಂತಿದೆ.

ಸ್ವತಂತ್ರ ಸಭೆಯ ಹುಡುಗಿ

ಸ್ವಾತಂತ್ರ್ಯ ಇದ್ದರೆ ಎಲ್ಲ ಸರಿಹೋಗುತ್ತೆ ಅನ್ನೋರಿಗೆ ನಮ್ಮ ಕಡೆ ಕತೆಯನ್ನೂ ಹೇಳಬೇಕು. ನಾನು ಬೆಳೆದದ್ದು ಒಂದು ಪೆಂತೆಕೋಸ್ತ್ ಸಭೆಯಲ್ಲಿ. ಬಿಷಪ್ ಇಲ್ಲ, ಸಿನೋಡ್ ಇಲ್ಲ. ಸೈಟು ಪಾಸ್ಟರ್ ಹೆಸರಲ್ಲಿ. ದಶಮಾಂಶ ಕೊಟ್ಟು ಕಟ್ಟಿದವರು ಮನೆಗೆಲಸದವರು, ಆಟೋ ಓಡಿಸೋರು, ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕಂದಿರು. ಪಾಸ್ಟರ್ ತೀರಿಕೊಂಡ ಮೇಲೆ ಅವರ ಮನೆಯವರು ಕಟ್ಟಡ ಮಾರಿದರು. ಕಾನೂನಿನ ಪ್ರಕಾರ ಅವರದ್ದೇ ಆಸ್ತಿ, ಯಾರೇನು ಕೇಳೋಕಾಗುತ್ತೆ? ನಿಮಗೆ ಕನಿಷ್ಠ ಪ್ರಶ್ನೆ ಕೇಳೋಕೆ ಒಂದು ಸಂಸ್ಥೆ ಇದೆ. ನಮಗೆ ಅದೂ ಇರಲಿಲ್ಲ.

ಬ್ರೆದರನ್ ಸಭೆಗಳಲ್ಲಿ ನೋಡಿ (ವಕೀಲ ಸರ್ ಹೇಳಿದ ಗುಜರಾತಿನ ಬ್ರೆದರನ್ ಬೇರೆ), ಪ್ರತಿ ಸಭೆ ಆಡಳಿತದಲ್ಲಿ ಸ್ವತಂತ್ರ, ಆದರೂ ಎಷ್ಟೋ ಕಡೆ ಆಸ್ತಿ ಮಾತ್ರ ಸ್ಟೂವರ್ಡ್ಸ್ ಅಸೋಸಿಯೇಷನ್ ಹೆಸರಲ್ಲಿ. ಒಬ್ಬ ಮನುಷ್ಯನ ಕೈಗೆ ಹೋಗದ ಹಾಗೆ ಅವರು ಕಂಡುಕೊಂಡ ದಾರಿ ಅದು.

ಮೈಸೂರು ಖಜಾಂಚಿ

ಈ ತಂಗಿ ಬರೆದದ್ದು ಓದಿ ಮನಸ್ಸು ಭಾರವಾಯಿತು. ನಾನು ಕಾಗದ ಮೇಲಿರಲಿ ಎಂದದ್ದು ಈ ಕಾರಣಕ್ಕೇ.

ಆದರೆ ಬಲ್ಮಠದ ಮಗಳು ಎತ್ತಿದ ಮಾತಿಗೂ ನನ್ನ ಬಳಿ ಎದುರುತ್ತರವಿಲ್ಲ. ಕಾಗದ ಕಾಯುವವರು ಬೇರೆ, ಆಸ್ತಿ ಕೊಡಲು ಒಪ್ಪಿಗೆ ನೀಡುವವರು ಬೇರೆ ಆಗಬೇಕು. ನಾನಿದ್ದ ಕಾಲದಲ್ಲಿ ಒಂದು ಜಾಗದ ಲೀಸ್ ಪ್ರಸ್ತಾಪ ಬಂದಾಗ ಪಾಸ್ಟರೇಟ್ ಕಮಿಟಿಯ ಠರಾವು ಲಗತ್ತಿಸದಿದ್ದರೆ ನಾವು ಕಡತವನ್ನೇ ಮುಂದಕ್ಕೆ ಕಳಿಸುತ್ತಿರಲಿಲ್ಲ. ಅದು ರೂಢಿಯಾಗಿತ್ತು. ಆದರೆ ರೂಢಿ ಅನ್ನುವುದು ಕುರ್ಚಿಯಲ್ಲಿ ಕೂತವರ ಮೇಲೆ ನಿಂತಿರುತ್ತದೆ. ಅದು ಡಯಾಸಿಸ್ ಕೌನ್ಸಿಲಿನಲ್ಲಿ ನಿಯಮವಾಗಬೇಕು. ಹಳ್ಳಿ ಸಭಾಪಾಲಕರ ಸಂಬಳದ ಮಾತನ್ನು ನಾನು ಬಿಡುವುದಿಲ್ಲ. ಬಾಡಿಗೆ ಬಂದರೆ ಇಷ್ಟು ಪಾಲು ಊರಿಗೆ, ಇಷ್ಟು ಪಾಲು ಸಾಮಾನ್ಯ ನಿಧಿಗೆ ಎಂದು ಅದೇ ನಿಯಮದಲ್ಲಿ ಬರೆಯಲಿ.

ಬಲ್ಮಠ ಮೊಮ್ಮಗಳು

ಅಂಕಲ್, ಒಪ್ಪಿದೆ. ಒಂದು ಸೇರಿಸ್ತೇನೆ. ಸದ್ಯ ಕಮಿಟಿಯ ಒಪ್ಪಿಗೆ ಸಾಕು ಅಂತಾದರೆ ಒತ್ತಡ ಹಾಕುವುದು ಸುಲಭ, ಹತ್ತು ಹನ್ನೆರಡು ಜನರನ್ನು ಒಪ್ಪಿಸಿದರಾಯ್ತು. ಇಡೀ ಸಭೆಯ ಮತ ಬೇಕು. ಮತದಾರರ ಪಟ್ಟಿಯಲ್ಲಿ ಹೆಂಗಸರ ಹೆಸರು ಎಷ್ಟು ಉಂಟು ಅಂತ ಕೂಡ ನೋಡಿ. ಎಷ್ಟೋ ಕಡೆ ಚಂದಾ ಗಂಡನ ಹೆಸರಲ್ಲಿ ಕಟ್ಟಿ, ಹೆಂಡತಿಯ ಹೆಸರು "ಬಾಕಿ" ಅಂತ ಬಿದ್ದುಹೋಗಿರ್ತದೆ. ದೇವಾಲಯ ಗುಡಿಸಿ ಒರೆಸಿ, ಮಾರಾಟಕ್ಕೆ ತಿಂಡಿ ಮಾಡಿ ಕಟ್ಟಡ ನಿಧಿ ತುಂಬಿಸಿದ್ದು ಸ್ತ್ರೀಯರ ಅನ್ಯೋನ್ಯ ಕೂಟದವರು.

ಮಲಪ್ರಭಾ ದಂಡಿ

ಎಲ್ಲಾರಿಗೂ ಬಾಳ ಉಪಕಾರ ಆತ್ರಿ. ಈ ವಾರ ಓಡಾಡಿದ್ದು ಹೇಳ್ತೀನಿ.

ಸಿಟಿ ಸರ್ವೆ ಆಫೀಸಿನ್ಯಾಗ ಪ್ರಾಪರ್ಟಿ ಕಾರ್ಡ್ ತಗಿಸಿದೆ. ಮಾಲಕರ ಕಾಲಂನ್ಯಾಗ ಇನ್ನೂ ಹಳೇ ಮಿಷನ್ ಹೆಸರ ಐತಿ! ಬಲ್ಮಠದ ಅಕ್ಕಾರು ಹೇಳಿದ್ದು ಖರೇ ಆತು. ಋಣಭಾರ ಪತ್ರದಾಗ ಯಾವ ಲೀಸೂ ನೋಂದಣಿ ಆಗಿಲ್ಲ. ಅಂದ್ರ ಇನ್ನೂ ಮಾತಿನ್ಯಾಗ ಐತಿ, ಕಾಗದಕ್ಕ ಬಂದಿಲ್ಲ. ದೇವಾಲಯದ ಹಳೇ ಪೆಟ್ಟಿಗ್ಯಾಗ 1950ರ ದಶಕದ ಒಂದು ರಿಜಿಸ್ಟ್ರೇಶನ್ ಸರ್ಟಿಫಿಕೇಟ್ ಸಿಕ್ಕೈತಿ, ಪಬ್ಲಿಕ್ ಟ್ರಸ್ಟ್ ಅಂತನ ಬರದಾರ. ಹುಳ ತಿಂದೈತಿ, ನಂಬರ್ ಮಾತ್ರ ಕಾಣತೈತಿ.

ಹೆಣ್ಣಮಕ್ಕಳ ಹೆಸರಿನ ಮಾತೂ ಖರೇ. ಪಟ್ಟಿ ತಗದು ನೋಡಿದ್ರ ನಮ್ಮವ್ವನ ಹೆಸರ ಇಲ್ಲ. ನಲವತ್ತು ವರ್ಷಾತು ಆಕಿ ಭಾನುವಾರ ತಪ್ಪಿಸಿಲ್ಲ. ಈಗ ಹಿರಿಯಾರು ಕೂಡಿ ಪಟ್ಟಿ ಸರಿ ಮಾಡಾಕತ್ಯಾರ.

ಬರೂ ತಿಂಗಳ ಮಹಾಸಭಾ ಕರದೇವಿ. ಠರಾವು ಹಿಂಗ ಬರದೇನಿ, ನೋಡ್ರಿ: "ನಮ್ಮ ಸಭೆಯ ಆಸ್ತಿ ಯಾರ ಹೆಸರಿನಲ್ಲಿದ್ದರೂ, ನಮ್ಮ ಸಭೆಯ ಮಾಲೀಕತ್ವದ ಈ ಬಯಲನ್ನು ಮಾರಲು ಅಥವಾ ಲೀಸಿಗೆ ಕೊಡಲು ನಾವು ಸುತಾರಾಂ ಒಪ್ಪುವುದಿಲ್ಲ. ಒಪ್ಪಿಗೆ ಇಲ್ಲದೆ ಕೊಟ್ಟರೆ ನಾವು ಅಸೆಸ್‌ಮೆಂಟ್ ಕಟ್ಟುವುದಿಲ್ಲ."

ಬೈಬಲಿನ್ಯಾಗ ಅಹಾಬ ರಾಜ ಕಸಗೊಂಡ ನಾಬೋತನ ದ್ರಾಕ್ಷಿತೋಟದ ಪಾಠ ಓದಿ ಶುರು ಮಾಡೋಣ ಅಂತ ನಮ್ಮ ಹಿರಿಯಾರು ಅಂದ್ರು. ನಾನು ಬ್ಯಾಡ ಅಂದೆ. ಆ ಪಾಠ ಓದಿದ್ರ ನಾವು ಬಿಷಪ್‌ರನ್ನ ಅಹಾಬ ಅಂದಂಗಾಗತೈತಿ. ಅವರ ಜೋಡಿ ಇನ್ನೂ ಕೂತು ಮಾತಾಡೂದೈತಿ.

ಸಿವಿಲ್ ಕೋರ್ಟ್ ಮೆಟ್ಟಿಲು

ಪಾಠದ ವಿಷಯದಲ್ಲಿ ನೀವು ತೆಗೆದುಕೊಂಡ ನಿರ್ಧಾರ ಸರಿ. ಠರಾವಿನ ಬಗ್ಗೆ ಮಾತ್ರ ಎಚ್ಚರ.

"ಮಾಲೀಕತ್ವ" ತೆಗೆದುಬಿಡಿ. ಪ್ರಾಪರ್ಟಿ ಕಾರ್ಡ್ ಕಂದಾಯದ ದಾಖಲೆ, ಅದರಿಂದಲೇ ಮಾಲೀಕತ್ವ ಸಿದ್ಧವಾಗುವುದಿಲ್ಲ. ಇಲ್ಲದ ಹಕ್ಕು ಹೇಳಿಕೊಂಡರೆ ಇರುವ ಹಕ್ಕೂ ದುರ್ಬಲವಾಗುತ್ತದೆ. "ಸಭೆಯ ಆರಾಧನೆ, ಶಿಕ್ಷಣ ಮತ್ತು ಸಾಮುದಾಯಿಕ ಉಪಯೋಗಕ್ಕಾಗಿ ನ್ಯಾಸವಾಗಿ ಇರಿಸಲಾದ ಬಯಲು" ಎಂದು ಬರೆಯಿರಿ. "ಸುತಾರಾಂ ಒಪ್ಪುವುದಿಲ್ಲ" ಬೇಡ. "ಸರ್ವಸದಸ್ಯರ ಕೂಟದಲ್ಲಿ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಇಲ್ಲದೆ ಮಾರಾಟ, ಅಡಮಾನ ಅಥವಾ ಒಂದು ವರ್ಷ ಮೀರಿದ ಲೀಸ್ ಮಾಡಬಾರದೆಂದು ಕೋರುತ್ತೇವೆ" ಎನ್ನಿ. ನಾಳೆ ನಿಮ್ಮ ಮಕ್ಕಳಿಗೇ ಅಲ್ಲೊಂದು ಹಾಸ್ಟೆಲ್ ಕಟ್ಟಬೇಕು ಅನ್ನಿಸಬಹುದು, ಅವರ ಕೈ ಕಟ್ಟಬೇಡಿ. ಅಸೆಸ್‌ಮೆಂಟ್ ನಿಲ್ಲಿಸುವ ಮಾತು ಪೂರ್ತಿ ಬಿಡಿ. ಎಷ್ಟೋ ಕಡೆ ಬಾಕಿ ಇರಿಸಿಕೊಂಡ ಪಾಸ್ಟರೇಟಿನ ಪ್ರತಿನಿಧಿಗಳಿಗೆ ಕೌನ್ಸಿಲಿನಲ್ಲಿ ಮತ ಇರುವುದಿಲ್ಲ. ನಿಯಮ ಬದಲಾಯಿಸಬೇಕಾದ ಜಾಗವೇ ಅದು.

ಕೂಟದ ನೋಟಿಸನ್ನು ನಿಮ್ಮ ಸಭೆಯ ನಿಯಮಾವಳಿ ಹೇಳಿದಷ್ಟು ದಿನ ಮೊದಲು ಪೀಠದಿಂದ ಓದಿಸಿ, ಬಾಗಿಲಿಗೂ ಅಂಟಿಸಿ, ಅಂಟಿಸಿದ್ದರ ಫೋಟೋ ತೆಗೆಯಿರಿ. ಹಾಜರಿ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಬೇಕು. ವಿರೋಧ ಮತಗಳನ್ನೂ ನಡಾವಳಿಯಲ್ಲಿ ಬರೆಯಿರಿ. ಠರಾವಿನ ಪ್ರತಿ ಡಯಾಸಿಸ್ ಕಚೇರಿಗೂ ಟ್ರಸ್ಟ್ ಅಸೋಸಿಯೇಷನ್ ಕಚೇರಿಗೂ ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ, ಬಿಲ್ಡರ್ ಯಾರೆಂದು ಗೊತ್ತಿದ್ದರೆ ಅವರಿಗೂ ಒಂದು. ವಿಷಯ ತಿಳಿದಿದ್ದೂ ವ್ಯವಹಾರ ಮಾಡಿದವನು ನಾಳೆ ಕೋರ್ಟಿನಲ್ಲಿ "ನನಗೆ ಗೊತ್ತಿರಲಿಲ್ಲ" ಎನ್ನಲಾರ. ಇದಕ್ಕೂ ಮೊದಲು ಬಿಷಪರ ಭೇಟಿಗೆ ಸಮಯ ಕೇಳಿ ಪತ್ರ ಬರೆಯಿರಿ.

ಆ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಬೇಡಿ, ಕೋರ್ಟಿಗೆ ಮೂಲ ಪ್ರತಿ ಹಾಗೇ ಬೇಕು. ಸ್ಕ್ಯಾನ್ ಮಾಡಿಸಿ, ಮೂಲವನ್ನು ಬ್ಯಾಂಕ್ ಲಾಕರಿನಲ್ಲಿ ಇಡಿ. ಲಾಕರ್ ಜಂಟಿ ಹೆಸರಿನಲ್ಲಿರಲಿ, ಒಬ್ಬರು ಕಮಿಟಿಯವರು, ಇನ್ನೊಬ್ಬರು ಅನ್ಯೋನ್ಯ ಕೂಟದವರು.

ಮಲಪ್ರಭಾ ದಂಡಿ

ಹಂಗ ಮಾಡ್ತೀವಿ ಸರ್. ಠರಾವು ತಿದ್ದಿ ನಾಳೆ ಇಲ್ಲೇ ಹಾಕ್ತೀನಿ. ಖಜಾಂಚಿ ಕಾಕಾ, ನಿಮ್ಮ ಕಾಲದಾಗಿನ ಆ ಲೀಸ್ ಕಡತದ ನಮೂನಿ ಇದ್ರ ಕಳಸ್ರಿ, ಬಿಷಪ್‌ರ ಮುಂದ "ಮೊದಲ ಹಿಂಗಿತ್ತು" ಅಂತ ತೋರ್ಸಾಕ ಬೇಕಾಗೈತಿ.

ಮೈಸೂರು ಖಜಾಂಚಿ

ನಮೂನೆ ಇದೆ. ಹೆಸರು, ಸರ್ವೆ ನಂಬರ್ ಅಳಿಸಿ ಸಂಜೆಯೊಳಗೆ ಕಳಿಸುತ್ತೇನೆ. ಬಾಡಿಗೆ ಹಂಚಿಕೆಯ ಕಲಂ ಎಂಟನೆಯದು, ಅದನ್ನು ಬಿಡಬೇಡಿ.